ಗಾಳಿಬೋರೆಯ ಲೆಕ್ಕ 2012ರಲ್ಲಿ ನಿಂತಿದೆ, ಮೀನಿನ ಖಾತೆಯನ್ನು ಮತ್ತೆ ತೆರೆಯಿರಿ

ಕರ್ನಾಟಕ ಸರ್ಕಾರದ ಅರಣ್ಯ ಸಚಿವರು, ಮೀನುಗಾರಿಕೆ ಸಚಿವರು ಹಾಗೂ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು ನಾನು. ಸಂಜೆ ಹನ್ನೊಂದು ರೂಪಾಯಿ ತಾಳೆಯಾಗದೆ ರಾತ್ರಿ ಒಂಬತ್ತರ ತನಕ ಕುಳಿತು ಹುಡುಕಿದ್ದಿದೆ. ಹನ್ನೊಂದು ರೂಪಾಯಿಯನ್ನು ಜೇಬಿನಿಂದ ಹಾಕಿ ಎದ್ದು ಹೋಗುವುದು ಸುಲಭವಿತ್ತು. ಹಾಗೆ ಮಾಡಿದರೆ ಶಿಲ್ಕು ಸರಿಯಾಗಿ ಕಾಣುತ್ತದೆ, ತಪ್ಪು ಮಾತ್ರ ಒಳಗೇ ಉಳಿದು ಬೆಳೆಯುತ್ತದೆ ಎಂದು ನನಗೆ ಕೆಲಸ ಕಲಿಸಿದ ಹಿರಿಯರು ಬೈಯುತ್ತಿದ್ದರು. ಈ ಪತ್ರ ಹಣದ ಬಗ್ಗೆ ಅಲ್ಲ, ಕಾವೇರಿಯ ಬಿಳಿಮೀನಿನ ಬಗ್ಗೆ. ಆದರೆ ಬರೆಯುತ್ತಿರುವ ಕೈ ಅದೇ ಹಳೆಯ ಗುಮಾಸ್ತನದು, ಸ್ವಲ್ಪ ಸಹಿಸಿಕೊಳ್ಳಿ.

ಬಿಳಿಮೀನು ಎಂದರೆ ಮಹಶೀರ್. ನಗರದವರಿಗೆ ಇಂಗ್ಲಿಷಿನ ಹೆಸರೇ ಹೆಚ್ಚು ಪರಿಚಯ. ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆಯ ಹೊಳೆದಂಡೆಯಲ್ಲಿ ಹುಟ್ಟಿ ಬೆಳೆದವರು ಬಿಳಿಮೀನು ಎಂದೇ ಹೇಳುತ್ತಾರೆ. ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಅಲ್ಲಿಂದ ಮೇಕೆದಾಟಿನ ತನಕ ಬಂಡೆಗಳ ನಡುವೆ ಹರಿಯುವ ಹಾದಿಯಲ್ಲಿ ಆಳವಾದ ಮಡುಗಳಿವೆ. ಆ ಮಡುಗಳಲ್ಲಿ ಮನುಷ್ಯನ ತೂಕದ ಮೀನು ಇದ್ದವು ಎಂದರೆ ಈಗಿನ ಹುಡುಗರು ನಗುತ್ತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಕಾವೇರಿಯ ಉಪನದಿ ಕಬಿನಿಯಲ್ಲಿ ಗಾಳದಿಂದ ಹಿಡಿದ ಮೀನು 120 ಪೌಂಡ್ ತೂಗಿತ್ತು, ಅಂದರೆ ಸುಮಾರು 54 ಕಿಲೋ. ಹುಲಿ, ಚಿರತೆಗಳ ಚರ್ಮಕ್ಕೆ ಜೀವ ಬಂದಂತೆ ಹದ ಮಾಡುವುದರಲ್ಲಿ ಜಗತ್ಪ್ರಸಿದ್ಧರಾಗಿದ್ದ ಮನೆತನ ಅದು.

ಆಮೇಲೆ ಎಷ್ಟೋ ವರ್ಷ ಈ ಮೀನನ್ನು ಹೊರಗಿನವರು ಮರೆತೇ ಬಿಟ್ಟಿದ್ದರು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ಗಾಳಗಾರರು ದೇಶದ ಹೊಳೆಗಳನ್ನೆಲ್ಲ ಸುತ್ತಿ, ಕೊನೆಗೆ ಕಾವೇರಿಯಲ್ಲಿ ದೊಡ್ಡ ಮೀನು ಹಿಡಿದು ತೋರಿಸಿದ ಮೇಲೆ ಮತ್ತೆ ಜನ ಬರತೊಡಗಿದರು. ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಶಿಬಿರ ನಡೆಸಿತು. ಕಾಸು ಕೊಟ್ಟವರಿಗೆ ಹರಿಗೋಲು, ಅದನ್ನು ನಡೆಸುವವರು, ಮೀನಿನ ಜಾಗ ತೋರಿಸುವ ಒಬ್ಬ ಅನುಭವಿ, ಊಟ, ಡೇರೆ, ಎಲ್ಲ ಸಿಗುತ್ತಿತ್ತು. ಹಿಡಿದ ಮೀನನ್ನು ತೂಗಿ, ಫೋಟೊ ತೆಗೆದು, ನೀರಿಗೆ ಬಿಡಲೇಬೇಕು. ಸಮುದ್ರದಲ್ಲಿ ಬಾಡಿಗೆ ದೋಣಿ ಹತ್ತಿ ಮೀನು ಹಿಡಿಯುವ ಉದ್ಯಮ ಬೇರೆ ದೇಶಗಳಲ್ಲಿ ದೊಡ್ಡದು. ನಮ್ಮಲ್ಲಿ ಅದರ ಹೊಳೆಯ ರೂಪ ಇದಾಗಿತ್ತು. ದೋಣಿಯ ಬದಲು ಹರಿಗೋಲು, ಸತ್ತ ಮೀನಿನ ತುಂಡಿನ ಬದಲು ರಾಗಿ ಹಿಟ್ಟಿನ ಉಂಡೆ. ಹೌದು, ರಾಗಿಯೇ. ಕಾವೇರಿಯ ದೊಡ್ಡ ಮೀನು ಮುದ್ದೆಗೆ ಬಾಯಿ ಹಾಕುತ್ತಿತ್ತು ಎನ್ನುವುದು ಈ ಸೀಮೆಯವನಾದ ನನಗೆ ಇಂದಿಗೂ ಹೆಮ್ಮೆಯ ಸಂಗತಿ.

ನಾನು ಹೋಗುತ್ತಿದ್ದದ್ದು ಗೆಳೆಯರೊಬ್ಬರ ಬಾಲ ಹಿಡಿದು. ಅವರಿಗೆ ಗಾಳದ ಹುಚ್ಚು, ನನಗೆ ಹೊಳೆಯ ಹುಚ್ಚು. ನನ್ನ ಕೈಗೆ ಗಾಳ ಬಂದದ್ದು ಕಡಿಮೆ. ಅಕ್ಷರ ಗುಂಡಗಿದೆ ಎಂಬ ಕಾರಣಕ್ಕೆ ಸಂಜೆ ಲಾಂದ್ರದ ಬೆಳಕಿನಲ್ಲಿ ರಿಜಿಸ್ಟರ್ ಬರೆಯುವ ಕೆಲಸ ಮಾತ್ರ ಹಲವು ಸಲ ನನ್ನ ಪಾಲಿಗೆ ಬಂತು. ದಿನಾಂಕ, ಗಾಳ ಹಾಕಿದವರ ಹೆಸರು, ಎಷ್ಟು ಗಂಟೆ ಕುಳಿತರು, ಸಿಕ್ಕಿದ ಮೀನು, ತೂಕ. ಜಾಗ ತೋರಿಸುವವರನ್ನು ಅಲ್ಲಿ ಗಿಲ್ಲಿ ಎನ್ನುತ್ತಿದ್ದರು. ಸ್ಕಾಟ್ಲೆಂಡಿನಿಂದ ಬಂದ ಪದ, ಹೊಳೆದಂಡೆಯ ನಾಲಗೆಯಲ್ಲಿ ಚೆನ್ನಾಗಿಯೇ ಪಳಗಿತ್ತು. ಅವರಲ್ಲಿ ಒಬ್ಬ ಹಿರಿಯರು ನಾನು ಬರೆಯುವಾಗ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಓದು ಬಾರದಿದ್ದರೂ ಪುಟದ ಕಡೆಗೇ ನೋಡುತ್ತಾ, ‘ಯಾವ ಬಣ್ಣ ಅಂತ ಬರೆದಿರಾ ಸ್ವಾಮಿ?’ ಎಂದು ಕೇಳುತ್ತಿದ್ದರು. ಮೀನೆಂದರೆ ಮೀನು, ಬಣ್ಣ ಯಾಕೆ ಎಂದು ನಾನೊಮ್ಮೆ ಗೊಣಗಿದ್ದೆ. ಅವರು ಉತ್ತರ ಕೊಡಲಿಲ್ಲ. ನಾನು ಬರೆಯುವ ತನಕ ಏಳಲೂ ಇಲ್ಲ.

ಆ ಬಣ್ಣದ ಕಾಲಮ್ಮಿನ ಬೆಲೆ ಗೊತ್ತಾದದ್ದು ನಂತರ. ಗಾಳಿಬೋರೆ ಶಿಬಿರದ 1998ರಿಂದ 2012ರವರೆಗಿನ ದಾಖಲೆಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಎಂಬ ಮತ್ಸ್ಯವಿಜ್ಞಾನಿಗಳು ಕುಳಿತು ಲೆಕ್ಕ ಹಾಕಿ 2015ರಲ್ಲಿ ಪ್ರಕಟಿಸಿದರು. ಒಟ್ಟು 23,620 ಗಂಟೆಗಳ ಗಾಳಗಾರಿಕೆ, 6,161 ಮಹಶೀರ್, ತೂಕ ಒಂದು ಕಿಲೋದಿಂದ 46 ಕಿಲೋವರೆಗೆ. ನಾನು ಸುಮ್ಮನಿರಲಾರದೆ ಭಾಗಿಸಿ ನೋಡಿದೆ: ಸರಿಸುಮಾರು ನಾಲ್ಕು ಗಂಟೆಗೆ ಒಂದು ಮೀನು. ನಮ್ಮ ಗೆಳೆಯರು ನಾಲ್ಕು ದಿನ ಕುಳಿತರೂ ಒಂದು ಸಿಗುತ್ತಿರಲಿಲ್ಲ, ಆ ಮಾತು ಬೇರೆ.

ಮೊದಲ ನೋಟಕ್ಕೆ ಆ ಲೆಕ್ಕ ಖುಷಿ ಕೊಡುವಂಥದ್ದು. ವರ್ಷ ಕಳೆದಂತೆ ಗಂಟೆಗೆ ಸಿಗುವ ಮೀನಿನ ಸಂಖ್ಯೆ ಏರುತ್ತಾ ಹೋಗಿದೆ, ಸರಾಸರಿ ತೂಕ ಇಳಿದಿದೆ. ಅಂದರೆ ಮರಿಗಳು ಹುಟ್ಟಿ ಬೆಳೆಯುತ್ತಿವೆ, ಹಿಡಿದು ಬಿಡುವ ಪದ್ಧತಿ ಮತ್ತು ಶಿಬಿರದವರ ಕಾವಲು ಫಲ ಕೊಟ್ಟಿದೆ. ಒಂದೇ ಒಂದು ಮೊತ್ತ ನೋಡುವ ಅಧಿಕಾರಿ ಇಲ್ಲಿಗೆ ಕಡತ ಮುಚ್ಚಿ ಷರಾ ಬರೆಯಬಹುದಿತ್ತು: ಮಹಶೀರ್ ಸಂತತಿ ಹೆಚ್ಚುತ್ತಿದೆ.

ಆದರೆ ಬಣ್ಣದ ಕಾಲಮ್ ಬಿಡಿಸಿ ನೋಡಿದಾಗ ಅಲ್ಲಿ ಇದ್ದದ್ದು ಎರಡು ಖಾತೆ. ಒಂದು ಕಿತ್ತಳೆ ಬಣ್ಣದ ಈಜುರೆಕ್ಕೆಯ, ಬೆನ್ನ ಮೇಲೆ ಡುಬ್ಬವಿರುವ, ಹೊನ್ನಿನ ಬಣ್ಣದ ಮೀನು. ಕಾವೇರಿಯ ಸ್ವಂತ ಮೀನು, ಬೇರೆಲ್ಲೂ ಇಲ್ಲದ್ದು. ಇನ್ನೊಂದು ನೀಲಿ ರೆಕ್ಕೆಯದು. ಏರುತ್ತಿದ್ದದ್ದು ಪೂರ್ತಿ ಈ ನೀಲಿಯ ಲೆಕ್ಕ. ಹೊನ್ನಿನ ಮೀನು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಬಂದಿತ್ತು. ಅಪರೂಪಕ್ಕೆ ಸಿಕ್ಕಿದರೂ ಮುದಿ ಮೀನುಗಳೇ, ಮರಿಗಳಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಹೇಳಬೇಕೆಂದರೆ, ಒಂದು ಶಾಖೆಯ ಲಾಭ ಇನ್ನೊಂದು ಶಾಖೆಯ ದಿವಾಳಿಯನ್ನು ಮುಚ್ಚಿಟ್ಟಿತ್ತು. ಹೊಸ ಠೇವಣಿಯೇ ಬಾರದೆ ಹಳೆಯ ನಾಲ್ಕು ಖಾತೆಗಳ ಮೇಲೆ ನಿಂತಿದ್ದ ಶಾಖೆ ಅದು. ಅಂಥ ಶಾಖೆಗಳನ್ನು ನಾನು ನೋಡಿದ್ದೇನೆ. ಕೊನೆಯ ದಿನದವರೆಗೂ ಹೊರಗಿನಿಂದ ಸುಭದ್ರವಾಗಿಯೇ ಕಾಣುತ್ತವೆ.

ನೀಲಿ ಮೀನು ಎಲ್ಲಿಂದ ಬಂತು? ನಾವೇ ತಂದು ಬಿಟ್ಟೆವು. ಅದು ಕೃಷ್ಣಾ ಕೊಳ್ಳದ ಮಹಶೀರ್, ವಿಜ್ಞಾನಿಗಳ ಹೆಸರು ಟಾರ್ ಖುದ್ರಿ. ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಮರಿ ಕೇಂದ್ರದಲ್ಲಿ 1970ರ ದಶಕದಿಂದ ಅದರ ಮೊಟ್ಟೆಯೊಡೆಸಿ ಮರಿ ಮಾಡುವ ಕಲೆ ಕೈವಶವಾಯಿತು. ಮಹಶೀರ್ ಅಳಿಯುತ್ತಿದೆ ಎಂಬ ಆತಂಕ ದೇಶದೆಲ್ಲೆಡೆ ಇದ್ದ ಕಾಲ. ಮರಿಗಳನ್ನು ರಾಜ್ಯ ರಾಜ್ಯಗಳಿಗೆ ಹಂಚಿದರು, ನಮ್ಮವರೂ ತಂದು ಕಾವೇರಿಗೆ ಸುರಿದರು. ದುರುದ್ದೇಶ ಯಾರಿಗೂ ಇರಲಿಲ್ಲ. ಮಹಶೀರ್ ಎಂದರೆ ಎಲ್ಲವೂ ಒಂದೇ ಎಂದು ತಿಳಿದಿದ್ದರು, ನಾನು ಲಾಂದ್ರದ ಬೆಳಕಿನಲ್ಲಿ ತಿಳಿದಿದ್ದಂತೆಯೇ. ವ್ಯತ್ಯಾಸ ಗೊತ್ತಿದ್ದವರು ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಅವರನ್ನು ಯಾರೂ ಕೇಳಿರಲಿಲ್ಲ.

ಈ ಕಥೆಯ ಅತ್ಯಂತ ವಿಚಿತ್ರ ಭಾಗ ಇನ್ನೂ ಹೇಳಿಲ್ಲ. ಒಂದೂವರೆ ಶತಮಾನ ಜಗತ್ತಿನ ಗಾಳಗಾರರೆಲ್ಲ ಹೊಗಳಿದ ಆ ಡುಬ್ಬದ ಮೀನಿಗೆ ವಿಜ್ಞಾನದಲ್ಲಿ ಸರಿಯಾದ ಹೆಸರೇ ಇರಲಿಲ್ಲ. ಹೆಸರಿಲ್ಲದ ಮೀನನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸುವುದು ಹೇಗೆ? 2018ರಲ್ಲಿ ಇದೇ ಸಂಶೋಧಕರು ಹಾಗೂ ಅವರ ಸಂಗಡಿಗರು ಗಂಟು ಬಿಡಿಸಿದರು. ಕೇರಳದ ಪಾಂಬಾರ್ ಎಂಬ ಪೂರ್ವಕ್ಕೆ ಹರಿದು ಕಾವೇರಿ ಸೇರುವ ಹೊಳೆಯ ಮರಿಗಳನ್ನು ನೋಡಿ ಅದಾಗಲೇ ಟಾರ್ ರೆಮಾದೇವಿಯೈ ಎಂದು ಹೆಸರಿಟ್ಟಿದ್ದ ಮೀನೇ ನಮ್ಮ ಡುಬ್ಬದ ಬಿಳಿಮೀನು ಎಂದು ತೋರಿಸಿದರು. ಮತ್ಸ್ಯವಿಜ್ಞಾನಿ ರೆಮಾದೇವಿಯವರ ಗೌರವಾರ್ಥ ಇಟ್ಟ ಹೆಸರು. ಪರೀಕ್ಷೆಗೆ ಬೇಕಾದ ಜೀವಂತ ದೊಡ್ಡ ಮೀನು ಸಿಕ್ಕಿದ್ದು ಎಲ್ಲಿ ಗೊತ್ತೇ? ಗಾಳಿಬೋರೆಯಲ್ಲಲ್ಲ, ತಮಿಳುನಾಡಿನ ಮೋಯಾರ್ ಹೊಳೆಯಲ್ಲಿ. ಅದೇ ವರ್ಷ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ ಇದನ್ನು ‘ತೀವ್ರ ಅಳಿವಿನಂಚಿನಲ್ಲಿರುವ’ ಜೀವಿಗಳ ಪಟ್ಟಿಗೆ ಸೇರಿಸಿತು. ಅದಕ್ಕಿಂತ ಮುಂದಿನ ಮೆಟ್ಟಿಲು ಕಾಡಿನಿಂದ, ಹೊಳೆಯಿಂದ ಪೂರ್ತಿ ಇಲ್ಲವಾಗುವುದು.

ಮಾನ್ಯರೇ, ಈ ಸತ್ಯ ಹೊರಬಿದ್ದದ್ದು ಸರ್ಕಾರದ ಯಾವುದೇ ಸಮೀಕ್ಷೆಯಿಂದಲ್ಲ. ಮೋಜಿಗೆ ಬಂದವರು ಸಂಜೆ ಬರೆಸಿಟ್ಟ ಪುಸ್ತಕದಿಂದ. ಆ ಪುಸ್ತಕ 2012ಕ್ಕೆ ನಿಂತುಹೋಗಿದೆ.

ನಿಂತದ್ದು ಏಕೆಂದು ನಿಮಗೆ ಗೊತ್ತೇ ಇದೆ. ಆ ಹೊಳೆಭಾಗ 1987ರಿಂದ ಕಾವೇರಿ ವನ್ಯಜೀವಿ ಧಾಮದೊಳಗಿದೆ. ಅಭಯಾರಣ್ಯದಲ್ಲಿ ಗಾಳ ಹಾಕುವುದು, ಮೀನನ್ನು ಮತ್ತೆ ಬಿಟ್ಟರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯೇ ಎಂಬ ತೀರ್ಮಾನವಾಯಿತು. ಶಿಬಿರಗಳು ನಿಸರ್ಗ ಶಿಬಿರಗಳಾಗಿ ಉಳಿದುಕೊಂಡವು. ಗಾಳ ಹೋಯಿತು, ಗಾಳದ ಜೊತೆ ರಿಜಿಸ್ಟರ್ ಕೂಡ ಹೋಯಿತು. ಮೊದಲನೆಯದನ್ನು ನಿಲ್ಲಿಸುವ ಆದೇಶವಿತ್ತು. ಎರಡನೆಯದನ್ನು ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ.

ಗಾಳದ ಮೋಜನ್ನು ಮತ್ತೆ ಆರಂಭಿಸಿ ಎಂದು ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಇದನ್ನು ಓದುತ್ತಿರುವ ಗಾಳಪ್ರಿಯ ಮಿತ್ರರು ಬೇಸರಿಸಿಕೊಂಡರೆ ಬೇಸರಿಸಿಕೊಳ್ಳಲಿ. ನೀಲಿ ಮೀನನ್ನು ಬಿಡಲು ಉತ್ಸಾಹ ತೋರಿದವರಲ್ಲಿ ಗಾಳದವರೂ ಇದ್ದರು. ಬಾಯಿಗೆ ಕೊಕ್ಕೆ ಸಿಕ್ಕಿ ಅರ್ಧ ಗಂಟೆ ಸೆಣಸಿದ ಮೀನನ್ನು ನೀರಿಗೆ ಬಿಟ್ಟಾಕ್ಷಣ ಅದು ಬದುಕಿತೆಂದು ಅರ್ಥವಲ್ಲ. ಇನ್ನೊಂದು ಕಡೆಯ ಮಿತ್ರರಿಗೂ ಒಂದು ಮಾತು. ನಿಷೇಧ ಹಾಕಿದ ದಿನದಿಂದ ಮೀನು ಸುಖವಾಗಿದೆ ಎಂದು ನಂಬಲು ಏನು ಆಧಾರ? ಮೀನು ಕೊಲ್ಲಲು ಹೊಳೆಗೆ ಸಿಡಿಮದ್ದು ಎಸೆಯುವವನಿಗೆ ಪರವಾನಗಿಯೂ ಬೇಡ, ಶಿಬಿರವೂ ಬೇಡ. ಹರಿಗೋಲಿನಲ್ಲಿ ಹಗಲಿಡೀ ಓಡಾಡುತ್ತಿದ್ದ ಕಣ್ಣುಗಳೇ ಅವನಿಗೆ ಭಯವಾಗಿದ್ದವು. ಶಿಬಿರಗಳು ಮುಚ್ಚಿದರೆ ಆ ಕಾವಲು ತಪ್ಪುತ್ತದೆ ಎಂಬ ಆತಂಕವನ್ನು ವಿಜ್ಞಾನಿಗಳೂ ಬರೆದಿದ್ದಾರೆ. ಹರಿಗೋಲಿನವರಲ್ಲಿ ಕೆಲವರು ಹಿಂದೆ ತಾವೇ ಬಲೆ, ಮದ್ದು ಹಿಡಿದವರು ಎನ್ನುವುದು ದಂಡೆಯಲ್ಲಿ ಎಲ್ಲರಿಗೂ ತಿಳಿದ ಗುಟ್ಟು. ಕಳ್ಳನ ದಾರಿ ಕಳ್ಳನಿಗೇ ಗೊತ್ತು, ಆದ್ದರಿಂದಲೇ ಅವರ ಕಾವಲು ಚೆನ್ನಾಗಿತ್ತು.

ನಿಷೇಧ ಸರಿಯೋ ತಪ್ಪೋ ಎಂದು ನಾವು ಹತ್ತು ವರ್ಷ ಜಗಳವಾಡಿದ್ದೇವೆ. ಇಬ್ಬರ ಕೈಯಲ್ಲೂ 2012ರ ನಂತರದ ಲೆಕ್ಕವಿಲ್ಲ.

ಮೇಲ್ವಿಚಾರಣೆ ಎಂದರೆ ಜನರಿಗೆ ಯಾಕೆ ಕಸಿವಿಸಿ ಎನ್ನುವುದಕ್ಕೆ ಹೊರದೇಶದ ಒಂದು ಪ್ರಕರಣ ಹೇಳುತ್ತೇನೆ, ನಮಗೂ ಪಾಠವಿದೆ. ಅಮೆರಿಕದ ಮೆಕ್ಸಿಕೊ ಕೊಲ್ಲಿಯಲ್ಲಿ ಪ್ರವಾಸಿಗರನ್ನು ಕರೆದೊಯ್ದು ಮೀನು ಹಿಡಿಸುವ ಬಾಡಿಗೆ ದೋಣಿಗಳು ಸಾವಿರಕ್ಕೂ ಮೇಲಿವೆ. ಕೆಂಪು ಸ್ನ್ಯಾಪರ್ ಮೀನಿಗೆ ಅಲ್ಲಿ ವರ್ಷಕ್ಕಿಷ್ಟೇ ಎಂಬ ಮಿತಿ. ಎಷ್ಟು ಹಿಡಿದರು ಎಂದು ಅಂದಾಜು ಮಾಡುವುದೇ ಕಷ್ಟವಾದ್ದರಿಂದ 2021ರಲ್ಲಿ ಹೊಸ ನಿಯಮ ತಂದರು. ದೋಣಿ ಹೊರಡುವ ಮೊದಲು ತಿಳಿಸಬೇಕು, ಮರಳಿ ಬಂದು ಮೀನು ಇಳಿಸುವ ಮುನ್ನ ಮೊಬೈಲ್ ಅಥವಾ ಟ್ಯಾಬ್‌ನಲ್ಲಿ ಲೆಕ್ಕ ತುಂಬಬೇಕು. ಅಷ್ಟಕ್ಕೇ ನಿಂತಿದ್ದರೆ ಏನಾಗುತ್ತಿತ್ತೋ. 2022ರಿಂದ ದೋಣಿ ಎಲ್ಲಿದೆ ಎಂದು ಇಪ್ಪತ್ತನಾಲ್ಕು ಗಂಟೆಯೂ ತಿಳಿಸುವ ಜಿಪಿಎಸ್ ಯಂತ್ರವನ್ನು ಮಾಲೀಕರೇ ತಮ್ಮ ಖರ್ಚಿನಲ್ಲಿ ಅಳವಡಿಸಬೇಕು ಎಂದರು, ಖರ್ಚು ವೆಚ್ಚದ ವಿವರವನ್ನೂ ಕೇಳಿದರು. ದೋಣಿಯವರು ನ್ಯಾಯಾಲಯಕ್ಕೆ ಹೋದರು. 2023ರ ಫೆಬ್ರುವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಇಡೀ ನಿಯಮವನ್ನೇ ರದ್ದು ಮಾಡಿತು. ಯಂತ್ರದ ಜೊತೆ ಮೀನಿನ ಲೆಕ್ಕವೂ ಕೊಚ್ಚಿಹೋಯಿತು.

ನನ್ನ ಮಟ್ಟಿಗೆ ಅಲ್ಲಿ ತಪ್ಪಿದ್ದು ಇಷ್ಟೇ: ಮೀನನ್ನು ಎಣಿಸಲು ಹೊರಟವರು ಮನುಷ್ಯನನ್ನು ಹಿಂಬಾಲಿಸತೊಡಗಿದರು. ಲೆಕ್ಕ ಕೊಡುವವನು ತನ್ನನ್ನು ಕಳ್ಳನೆಂದು ಭಾವಿಸಿದ್ದಾರೆ ಎಂದುಕೊಂಡ ಕ್ಷಣದಿಂದ ಆ ಲೆಕ್ಕ ಕೆಡುತ್ತದೆ. ಗಾಳಿಬೋರೆಯ ಪುಸ್ತಕದಲ್ಲಿ ಹಾಗಿರಲಿಲ್ಲ. ಬರೆಸುವವನಿಗೆ ಬರೆಸುವುದೇ ಜಂಬ. ದೊಡ್ಡ ಮೀನಿನ ತೂಕವನ್ನು ಸ್ವಲ್ಪ ಏರಿಸಿ ಹೇಳುವವರೂ ಇದ್ದರು, ಆದರೆ ತಕ್ಕಡಿಯ ಪಕ್ಕದಲ್ಲಿ ಗಿಲ್ಲಿ ನಿಂತಿರುತ್ತಿದ್ದರು. ಅವರ ಕೆಮ್ಮೊಂದೇ ಸಾಕಾಗುತ್ತಿತ್ತು.

ಹಾಗಾದರೆ ನಾನು ಕೇಳುತ್ತಿರುವುದೇನು? ಮೊದಲನೆಯದಾಗಿ ಹಳೆಯ ಪುಸ್ತಕಗಳನ್ನು ಹುಡುಕಿಸಿ. ಗಾಳಿಬೋರೆಯದು ಸಂಶೋಧಕರ ಕೈಗೆ ಸಿಕ್ಕಿದ್ದರಿಂದ ಉಳಿಯಿತು. ಉಳಿದ ಶಿಬಿರಗಳ ರಿಜಿಸ್ಟರುಗಳು, ಗಾಳದ ಸಂಘಗಳ ಕಪಾಟಿನಲ್ಲಿರುವ ಪುಸ್ತಕಗಳು, ಹಳೆಯ ಗಾಳಗಾರರ ಮನೆಯ ಆಲ್ಬಮ್ಮುಗಳು, ಇವೆಲ್ಲ ಗೆದ್ದಲಿಗೆ ಹೋಗುವ ಮೊದಲು ಸ್ಕ್ಯಾನ್ ಆಗಬೇಕು. ಫೋಟೊಗಳನ್ನು ಹಗುರವಾಗಿ ನೋಡಬೇಡಿ. ಎದೆಯ ಮಟ್ಟಕ್ಕೆ ಮೀನು ಎತ್ತಿ ಹಿಡಿದು ಹಲ್ಲು ಕಿರಿದು ನಿಂತ ಪ್ರತಿ ಚಿತ್ರದಲ್ಲೂ ರೆಕ್ಕೆಯ ಬಣ್ಣವಿದೆ, ಬೆನ್ನಿನ ಡುಬ್ಬವಿದೆ, ಹಿಂಬದಿಯಲ್ಲಿ ಬರೆದ ತಾರೀಕಿದೆ. ಹಲ್ಲು ಕಿರಿದವನು ಯಾರೆಂಬುದು ಮುಖ್ಯವಲ್ಲ. ಕಪ್ಪು ಬಿಳುಪಿನ ಚಿತ್ರವಾದರೂ ಡುಬ್ಬ ಕಾಣುತ್ತದೆ.

ಎರಡನೆಯದು, ಎಣಿಕೆ ಮತ್ತೆ ಶುರುವಾಗಬೇಕು. ಕಾಯ್ದೆ ಇದಕ್ಕೆ ಅಡ್ಡಿಯಲ್ಲ. ಅದೇ ಕಾಯ್ದೆಯ 12ನೇ ಕಲಂ ಸಂಶೋಧನೆ, ಶಿಕ್ಷಣ ಮತ್ತು ವೈಜ್ಞಾನಿಕ ನಿರ್ವಹಣೆಗಾಗಿ ವಿಶೇಷ ಅನುಮತಿ ಕೊಡುವ ಅಧಿಕಾರವನ್ನು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಕೊಟ್ಟಿದೆ. ಹುಲಿಗಾಗಿ ಕ್ಯಾಮೆರಾ ಕಟ್ಟುತ್ತೇವೆ, ಆನೆಯ ಲದ್ದಿಯನ್ನೂ ಬಿಡದೆ ಎಣಿಸುತ್ತೇವೆ. ನೀರಿನೊಳಗಿನ ಪ್ರಾಣಿಗೆ ಮಾತ್ರ ‘ಇರಬೇಕು ಬಿಡಿ’ ಎಂಬ ಲೆಕ್ಕ. ವರ್ಷಕ್ಕೆ ಇಂತಿಷ್ಟು ದಿನ, ಅದೇ ಮಡುಗಳಲ್ಲಿ, ಅದೇ ರಾಗಿ ಉಂಡೆಯಿಂದ, ಅದೇ ಹರಿಗೋಲಿನವರನ್ನು ದಿನಗೂಲಿಗೆ ಕರೆದು, ಮತ್ಸ್ಯ ವಿಜ್ಞಾನ ಕಾಲೇಜಿನ ವಿದ್ಯಾರ್ಥಿಗಳ ಕೈಯಲ್ಲಿ ಪುಸ್ತಕ ಕೊಟ್ಟು ಕೂರಿಸಿ. ವಿಧಾನ ಹಳೆಯದೇ ಆಗಿರಬೇಕೆಂದು ಒತ್ತಿ ಹೇಳಲು ಕಾರಣವಿದೆ. ಬೇರೆ ಅಳತೆಗೋಲು ಹಿಡಿದರೆ 2012ರ ಅಖೈರು ಶಿಲ್ಕಿಗೂ ಈಗಿನ ಆರಂಭಿಕ ಶಿಲ್ಕಿಗೂ ಜೋಡಣೆಯೇ ಸಿಗುವುದಿಲ್ಲ. ನೀರಿನ ಮಾದರಿ ತೆಗೆದು ಅದರಲ್ಲಿ ಯಾವ ಮೀನಿನ ಡಿಎನ್‌ಎ ಇದೆ ಎಂದು ಕಂಡುಹಿಡಿಯುವ ಹೊಸ ವಿದ್ಯೆಯೂ ಬಂದಿದೆ. ಅದನ್ನೂ ಮಾಡಿ, ಬಹಳ ಒಳ್ಳೆಯದು. ಆದರೆ ನೀರು ಮೀನಿನ ತೂಕ ಹೇಳುವುದಿಲ್ಲ, ಅದು ಮರಿಯೋ ಮುದಿಯೋ ಎಂದೂ ಹೇಳುವುದಿಲ್ಲ.

ಗಾಳಕ್ಕೆ ಈಗಲೂ ಅವಕಾಶವಿರುವ ಕಡೆ, ಕೊಡಗಿನ ಕಾವೇರಿಯಲ್ಲಿ ಪರವಾನಗಿ ಪಡೆದು ಹಿಡಿದು ಬಿಡುವ ಪದ್ಧತಿ ನಡೆದುಬಂದಿದೆಯಲ್ಲ, ಅಂಥ ಕಡೆಗಳಲ್ಲಿ ಲೆಕ್ಕ ಕೊಡದವರಿಗೆ ಮುಂದಿನ ಸಲ ಪರವಾನಗಿ ಇಲ್ಲ ಎಂದರೆ ಆಯಿತು. ಜಿಪಿಎಸ್ ಬೇಡ, ಖರ್ಚುವೆಚ್ಚದ ವಿವರ ಬೇಡ. ಒಂದು ಪುಟದ ನಮೂನೆ ಸಾಕು. ಅದರಲ್ಲಿ ಒಂದೇ ಒಂದು ಸಾಲನ್ನು ದಯವಿಟ್ಟು ಬಿಡಬೇಡಿ: ಏನೂ ಸಿಗದ ದಿನ. ಗಾಳದವನು ಬರಿಗೈಯಲ್ಲಿ ಬಂದ ದಿನ ಪುಸ್ತಕದ ಹತ್ತಿರ ಸುಳಿಯುವುದಿಲ್ಲ, ಇದು ಮನುಷ್ಯಸ್ವಭಾವ. ಸಿಕ್ಕ ದಿನಗಳನ್ನಷ್ಟೇ ಬರೆದ ಪುಸ್ತಕ ಓದಿದರೆ ಹೊಳೆ ತುಂಬ ಮೀನೇ. ಹತ್ತು ಗಂಟೆ ಕುಳಿತು ಸೊನ್ನೆ ಎಂದು ಬರೆದವನ ಸೊನ್ನೆ 40 ಕಿಲೋ ಮೀನಿನಷ್ಟೇ ತೂಗುತ್ತದೆ. ಲಾಂದ್ರದ ಕೆಳಗೆ ನಾನೇ ಎಷ್ಟು ಸೊನ್ನೆಗಳನ್ನು ಬರೆಯದೆ ಬಿಟ್ಟಿದ್ದೇನೋ! ‘ಇವತ್ತು ಬರೆಯುವುದೇನಿಲ್ಲ’ ಎಂದು ಪುಸ್ತಕ ಮುಚ್ಚಿಟ್ಟ ಸಂಜೆಗಳು ನೆನಪಿವೆ. ಹನ್ನೊಂದು ರೂಪಾಯಿಗೆ ರಾತ್ರಿ ಕೂರುತ್ತಿದ್ದ ಅದೇ ಮನುಷ್ಯ.

ಕರಾವಳಿಯ ಮಾತನ್ನೂ ಸೇರಿಸಿಬಿಡುತ್ತೇನೆ. ಮಲ್ಪೆ, ಮಂಗಳೂರಿನಂಥ ಬಂದರುಗಳಲ್ಲಿ ವೃತ್ತಿ ಮೀನುಗಾರರು ಇಳಿಸುವ ಮೀನಿನ ಅಂದಾಜನ್ನು ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ದಶಕಗಳಿಂದ ಕ್ರಮಬದ್ಧವಾಗಿ ಮಾಡುತ್ತಿದ್ದಾರೆ. ಪ್ರವಾಸೋದ್ಯಮದ ಹೆಸರಿನಲ್ಲಿ ಬಾಡಿಗೆ ದೋಣಿಯ ಗಾಳಗಾರಿಕೆ ನಮ್ಮ ಸಮುದ್ರದಲ್ಲಿ ಬೆಳೆಯುವುದಾದರೆ ಮೊದಲ ದಿನದಿಂದಲೇ ಪುಸ್ತಕ ಇಡಿಸಿ. ಚಿಕ್ಕದಿರುವಾಗ ಹಾಕಿದ ಅಭ್ಯಾಸಕ್ಕೆ ಯಾರೂ ನ್ಯಾಯಾಲಯಕ್ಕೆ ಹೋಗುವುದಿಲ್ಲ.

ಮರಿ ಬಿಡುವ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಒರಟಾಗಬಹುದು. ಕ್ಯಾಮೆರಾದ ಮುಂದೆ ಬಕೆಟ್ ಬಗ್ಗಿಸಿ ಹೊಳೆಗೆ ಮರಿ ಸುರಿಯುವ ಕಾರ್ಯಕ್ರಮಗಳನ್ನು, ಅದು ಯಾವ ಜಾತಿಯ ಮರಿ, ಈ ಹೊಳೆಗೆ ಸೇರಿದ್ದೇ ಎಂದು ಬರಹದಲ್ಲಿ ದೃಢಪಡುವ ತನಕ ಕಾವೇರಿ ಕೊಳ್ಳದಲ್ಲಿ ನಿಲ್ಲಿಸಿ. ಹಾರಂಗಿಯಲ್ಲಿ ನಮ್ಮದೇ ಮರಿ ಕೇಂದ್ರವಿದೆ, ಕೈಗುಣವಿರುವ ಸಿಬ್ಬಂದಿ ಇದ್ದಾರೆ. ಡುಬ್ಬದ ಮೀನಿನ ತಾಯಿ ತಂದೆ ಎಲ್ಲಾದರೂ ಸಿಕ್ಕರೆ ಆ ಕೈಗಳಿಗೆ ನಿಜವಾದ ಕೆಲಸವಿದೆ. ಆದರೆ ತಾಯಿ ತಂದೆ ಎಲ್ಲಿವೆ ಎಂದು ಹೇಳಬೇಕಾದದ್ದು ಮತ್ತೆ ಅದೇ ಪುಸ್ತಕ.

ಇಷ್ಟು ಅವಸರ ಏಕೆ ಎಂದು ನೀವು ಕೇಳಬಹುದು. ಮೇಕೆದಾಟಿನಲ್ಲಿ ಸುಮಾರು 67 ಟಿಎಂಸಿ ಅಡಿ ನೀರು ಹಿಡಿಯುವ ಅಣೆಕಟ್ಟೆಯ ಯೋಜನೆ ನಿಮ್ಮ ಸರ್ಕಾರದ ಮುಂದಿದೆ, ಹಿಂದಿನವರ ಮುಂದೆಯೂ ಇತ್ತು. ಬೆಂಗಳೂರಿಗೆ ಕುಡಿಯುವ ನೀರು ಬೇಕು, ಅದನ್ನು ಅಲ್ಲಗಳೆಯಲು ನಾನು ಹೊರಟಿಲ್ಲ. ನನ್ನ ಮಗಳ ಮನೆಗೂ ವಾರಕ್ಕೆರಡು ಟ್ಯಾಂಕರ್ ಬರುತ್ತದೆ. ಆದರೆ ಹರಿಯುವ ನೀರು ನಿಂತ ನೀರಾಗುವುದು ಬಹುಪಾಲು ಇದೇ ಅಭಯಾರಣ್ಯದಲ್ಲಿ, ಇದೇ ಮಡುಗಳ ಮೇಲೆ. ಪರಿಸರ ವರದಿ ಬರೆಯುವವರು ‘ಇಲ್ಲಿ ಯಾವ ಯಾವ ಮೀನು, ಎಷ್ಟಿವೆ?’ ಎಂಬ ಕಾಲಮ್ ತುಂಬಲೇಬೇಕು. ಏನು ತುಂಬುತ್ತಾರೆ? 2012ರ ಅಂಕಿಯನ್ನೇ? ಅಥವಾ ಒಂದು ವಾರ ಬಲೆ ಬೀಸಿ, ಸಿಕ್ಕದ್ದನ್ನು ಬರೆದು, ಸಿಗದ ಡುಬ್ಬದ ಮೀನನ್ನು ‘ಇಲ್ಲ’ ಎಂದು ನಮೂದಿಸುತ್ತಾರೆಯೇ? ಇಲ್ಲ ಎಂದು ಬರೆಯುವುದಕ್ಕೂ ಗಂಟೆಗಟ್ಟಲೆ ಕುಳಿತ ಲೆಕ್ಕ ಬೇಕು. ಅಣೆಕಟ್ಟೆ ಆಗಲಿ ಆಗದಿರಲಿ, ಆ ಕಾಲಮ್ಮನ್ನು ಖಾಲಿ ಬಿಟ್ಟು ಸಹಿ ಹಾಕಬೇಡಿ.

ಕೊನೆಯದಾಗಿ ನನ್ನದೊಂದು ಸಣ್ಣ ಅಹವಾಲು. ಶಿಬಿರದ ರಿಜಿಸ್ಟರಿಗೆ ಬರೆದದ್ದನ್ನು ಅಭ್ಯಾಸಬಲದಿಂದ ನನ್ನದೇ ಒಂದು ನೋಟ್‌ಪುಸ್ತಕಕ್ಕೂ ನಕಲು ಮಾಡಿಕೊಳ್ಳುತ್ತಿದ್ದೆ. ಬ್ಯಾಂಕಿನವರು ಎಲ್ಲವನ್ನೂ ಎರಡು ಪ್ರತಿ ಬರೆಯುತ್ತೇವೆ. ಮೊನ್ನೆ ಅಟ್ಟ ಸ್ವಚ್ಛ ಮಾಡುವಾಗ ಅದು ಸಿಕ್ಕಿತು. ಯಾರಿಗಾದರೂ ಉಪಯೋಗವಾದೀತೆಂದು ಹಿಡಿದುಕೊಂಡು ಹೊರಟೆ. ಒಂದು ಕಡೆ, ‘ಮೀನಿನ ವಿಷಯ ನಮಗೆ ಬರುವುದಿಲ್ಲ’ ಎಂದರು. ಇನ್ನೊಂದು ಕಡೆ, ‘ಅದು ಕಾಡಿನೊಳಗಿನ ಹೊಳೆ, ನಮಗೆ ಬರುವುದಿಲ್ಲ’ ಎಂದರು. ಯಾವ ಕಚೇರಿ, ಯಾರು ಎಂದು ಬರೆಯಲಾರೆ, ಇಬ್ಬರೂ ಕುರ್ಚಿ ಕೊಟ್ಟು ಸೌಜನ್ಯದಿಂದಲೇ ಮಾತನಾಡಿದರು, ಒಬ್ಬರು ಚಹಾ ಕೂಡ ತರಿಸಿದರು. ನೋಟ್‌ಪುಸ್ತಕವನ್ನು ಮಾತ್ರ ಯಾರೂ ತೆರೆದು ನೋಡಲಿಲ್ಲ.

ಅದು ಈಗ ನನ್ನ ಮೇಜಿನ ಮೇಲಿದೆ. ರಟ್ಟು ಹೋಗಿದೆ, ಅಂಚನ್ನು ಗೆದ್ದಲು ಸ್ವಲ್ಪ ತಿಂದಿದೆ, ಶಾಯಿ ಚೆನ್ನಾಗಿಯೇ ಇದೆ. ಬಣ್ಣದ ಕಾಲಮ್ ಮೊದಲ ಕೆಲವು ಪುಟಗಳಲ್ಲಿ ಖಾಲಿ, ಆಮೇಲಿನ ಎಲ್ಲ ಪುಟಗಳಲ್ಲೂ ತುಂಬಿದೆ. ನಿಮ್ಮ ಮೂವರಲ್ಲಿ ಯಾರ ಕಚೇರಿಗೆ ತಂದು ಒಪ್ಪಿಸಬೇಕೆಂದು ತಿಳಿಸಿದರೆ ಸಾಕು, ಬಸ್ ಹಿಡಿದು ನಾನೇ ಬರುತ್ತೇನೆ. ಒಂದು ಸ್ವೀಕೃತಿ ಚೀಟಿ ಮಾತ್ರ ಬೇಕಾಗುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಕಾವೇರಿ ಸೀಮೆಯ ಒಬ್ಬ ನಿವೃತ್ತ ಬ್ಯಾಂಕ್ ಗುಮಾಸ್ತ